ಕೇಸ್ ಬಿದ್ದುಹೋದರೆ ದೂರು ಕೊಟ್ಟವಳು ಸುಳ್ಳಿ ಆಗುತ್ತಾಳಾ?

ಪ್ರಶ್ನೆ: ಮೇಡಂ, ನಮ್ಮದು ಸಕಲೇಶಪುರ ತಾಲ್ಲೂಕು. ನನ್ನ ತಂಗಿ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ತೂಕದ ಲೆಕ್ಕ ಬರೆಯುತ್ತಿದ್ದಳು. 2022ರ ಮಾರ್ಚ್‌ನಲ್ಲಿ ಅಲ್ಲಿನ ಮೇಲ್ವಿಚಾರಕ ಗೋಡೌನಿನಲ್ಲಿ ಅವಳ ಮೈಮೇಲೆ ಕೈ ಹಾಕಿದ. ಒಂಬತ್ತು ದಿನ ಯಾರ ಹತ್ತಿರವೂ ಹೇಳಲಿಲ್ಲ. ಆಮೇಲೆ ಅಮ್ಮನ ಹತ್ತಿರ ಅತ್ತಳು. ಠಾಣೆಗೆ ನಾನೇ ಕರೆದುಕೊಂಡು ಹೋದೆ. ಐಪಿಸಿ 354, 354ಎ ಹಾಕಿ ಚಾರ್ಜ್‌ಶೀಟ್ ಆಯಿತು. ಜೊತೆಯಲ್ಲಿ ಕೆಲಸ ಮಾಡುತ್ತಿದ್ದ ಇಬ್ಬರು ಕೋರ್ಟಿನಲ್ಲಿ ಉಲ್ಟಾ ಹೊಡೆದರು. ಕಳೆದ ತಿಂಗಳು ಅವನಿಗೆ ಬಿಡುಗಡೆ ಆಯಿತು. ಈಗ ಅವನ ವಕೀಲರಿಂದ ನೋಟಿಸ್ ಬಂದಿದೆ. 15 ದಿನದೊಳಗೆ ಬರವಣಿಗೆಯಲ್ಲಿ ಕ್ಷಮೆ ಕೇಳಬೇಕು, 10 ಲಕ್ಷ ರೂಪಾಯಿ ಕೊಡಬೇಕು, ಇಲ್ಲದಿದ್ದರೆ ಸುಳ್ಳು ದೂರು ಕೊಟ್ಟಿದ್ದಕ್ಕೆ ಸೆಕ್ಷನ್ 182, 211ರಲ್ಲಿ ಜೈಲಿಗೆ ಕಳಿಸುತ್ತೇವೆ ಅಂತ ಬರೆದಿದ್ದಾರೆ. 'ಒಂದು ಕಾಗದ ಬರೆದುಕೊಟ್ಟು ಮುಗಿಸಿ' ಅನ್ನುತ್ತಾರೆ ನಮ್ಮ ಭಾವ. ತಂಗಿ ಸರಿಯಾಗಿ ಊಟ ಮಾಡುತ್ತಿಲ್ಲ.

ಇನ್ನೊಂದು ಮಾತು ಮುಚ್ಚಿಡದೆ ಹೇಳುತ್ತೇನೆ. ನನ್ನ ಗೆಳೆಯನೊಬ್ಬನ ಮೇಲೆ ಇಂಥದ್ದೇ ಸುಳ್ಳು ಕೇಸ್ ಬಿದ್ದು ಅವನ ಬದುಕು ಹಾಳಾಯಿತು. 'ಸಾಬೀತು ಮಾಡಲು ಆಗದವರನ್ನು ಒಳಗೆ ಹಾಕಬೇಕು' ಅಂತ ಆಗ ನಾನೇ ಎಲ್ಲರೆದುರು ವಾದ ಮಾಡಿದ್ದೆ. ಈಗ ಅದೇ ಮಾತು ನನ್ನ ತಂಗಿ ಮೇಲೆ ಬಂದಿದೆ. ಕಾನೂನು ಏನು ಹೇಳುತ್ತದೆ? ಏನು ಹೇಳಬೇಕು?

ಉತ್ತರ: ಮೊದಲು ನಿಮ್ಮ ತಂಗಿಗೆ ಒಂದು ಮಾತು ಹೇಳಿ. ಅವಳನ್ನು ನಾಳೆ ಬೆಳಿಗ್ಗೆ ಪೊಲೀಸರು ಬಂದು ಕರೆದುಕೊಂಡು ಹೋಗುವುದಿಲ್ಲ. ನೋಟಿಸಿನಲ್ಲಿ ಬರೆದಿರುವ ಆ ಎರಡು ಸೆಕ್ಷನ್‌ಗಳಲ್ಲಿ ವಾರಂಟ್ ಇಲ್ಲದೆ ಬಂಧಿಸುವ ಅಧಿಕಾರವೇ ಪೊಲೀಸರಿಗಿಲ್ಲ. ಎರಡಕ್ಕೂ ಜಾಮೀನು ಹಕ್ಕಾಗಿ ಸಿಗುತ್ತದೆ. ಇದನ್ನು ಹೇಳಿ ಊಟ ಮಾಡಿಸಿ. ಉಳಿದದ್ದನ್ನು ನಾವು ಕೂತು ನೋಡೋಣ.

ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆ ಇದೆ. ತಂಗಿಗೆ ಏನಾಗುತ್ತದೆ ಅನ್ನುವುದು ಒಂದು. ನೀವು ಅವತ್ತು ಮಾಡಿದ ವಾದ ಸರಿಯಿತ್ತಾ ಅನ್ನುವುದು ಇನ್ನೊಂದು. ಎರಡನೆಯದನ್ನು ಕೇಳುವ ಧೈರ್ಯ ಜಾಸ್ತಿ ಜನಕ್ಕೆ ಇರುವುದಿಲ್ಲ. ಎರಡಕ್ಕೂ ಉತ್ತರ ಹೇಳುತ್ತೇನೆ. ಹಾಸನದ ಕೋರ್ಟುಗಳಲ್ಲಿ ದೂರು ಕೊಟ್ಟ ಹೆಣ್ಣುಮಕ್ಕಳ ಜೊತೆಗೂ ನಿಂತಿದ್ದೇನೆ, ಆರೋಪ ಹೊತ್ತ ಗಂಡಸರ ಪರವಾಗಿಯೂ ವಾದ ಮಾಡಿದ್ದೇನೆ. ಹಾಗಾಗಿ ಎರಡು ಕಡೆಯ ನೋವೂ ನನಗೆ ಗೊತ್ತು.

ನಮ್ಮ ಕಡೆ ಕೇಸ್ 'ಬಿದ್ದುಹೋಯಿತು' ಅನ್ನುತ್ತಾರೆ. ಹಾಗೆ ಅಂದ ತಕ್ಷಣ ಕೇಳಿದವರು 'ಹಾಗಾದರೆ ಸುಳ್ಳು ಕೇಸು' ಅಂದುಕೊಳ್ಳುತ್ತಾರೆ. ಎಲ್ಲ ತಪ್ಪು ತಿಳಿವಳಿಕೆ ಶುರುವಾಗುವುದು ಇಲ್ಲಿಂದಲೇ. ಕ್ರಿಮಿನಲ್ ಕೋರ್ಟಿನ ಮುಂದೆ ಇರುವ ಪ್ರಶ್ನೆ ಒಂದೇ. ಈ ಮನುಷ್ಯ ಅಪರಾಧ ಮಾಡಿದ್ದಾನೆ ಅಂತ ಸಂಶಯಕ್ಕೆ ಎಡೆಯಿಲ್ಲದ ಹಾಗೆ ಸರ್ಕಾರ ತೋರಿಸಿಕೊಟ್ಟಿದೆಯಾ? ತೋರಿಸಿದ್ದರೆ ಶಿಕ್ಷೆ, ಇಲ್ಲದಿದ್ದರೆ ಬಿಡುಗಡೆ. ದೂರು ಕೊಟ್ಟವಳು ನಿಜ ಹೇಳಿದಳಾ ಸುಳ್ಳು ಹೇಳಿದಳಾ ಅಂತ ತೀರ್ಮಾನಿಸಲು ಆ ಕೋರ್ಟ್ ಕೂತಿರಲಿಲ್ಲ. ನಿರಪರಾಧಿಯೊಬ್ಬ ಜೈಲಿಗೆ ಹೋಗಬಾರದು ಅಂತ ಆ ತಕ್ಕಡಿಯನ್ನು ಬೇಕಂತಲೇ ಆರೋಪಿಯ ಕಡೆಗೆ ವಾಲಿಸಿ ಇಟ್ಟಿದ್ದಾರೆ. ಹಾಗೆ ಇಟ್ಟಿರುವುದು ಸರಿಯಾಗಿಯೇ ಇದೆ. ಆದರೆ ವಾಲಿಸಿಟ್ಟ ತಕ್ಕಡಿಯಲ್ಲಿ ತೂಗಿ, ಎದುರಿನ ತಟ್ಟೆ ಮೇಲೆ ಹೋಯಿತು ನೋಡಿ, ಇವಳು ಸುಳ್ಳಿ ಅನ್ನಬಾರದು. ನಿಮ್ಮ ತಂಗಿ ವರ್ಷಗಟ್ಟಲೆ ತೂಕದ ಲೆಕ್ಕ ಬರೆದವಳು, ಅವಳಿಗೆ ಇದು ಬೇಗ ಅರ್ಥವಾಗುತ್ತದೆ.

ತೀರ್ಪಿನ ಪ್ರತಿ ನಿಮ್ಮ ಹತ್ತಿರ ಇದೆಯಾ? ಇಲ್ಲದಿದ್ದರೆ ದೃಢೀಕೃತ ಪ್ರತಿಗೆ ಅರ್ಜಿ ಹಾಕಿ. ಕೈಗೆ ಬಂದ ಮೇಲೆ ಕೊನೆಯ ನಾಲ್ಕೈದು ಪುಟ ನಿಧಾನವಾಗಿ ಓದಿ. 'ಆರೋಪವನ್ನು ಸಂಶಯಾತೀತವಾಗಿ ಸಾಬೀತುಪಡಿಸುವಲ್ಲಿ ಅಭಿಯೋಜನೆ ವಿಫಲವಾಗಿದೆ' ಅನ್ನುವ ಅರ್ಥದ ಒಂದು ಸಾಲು ಇರುತ್ತದೆ. ಅಭಿಯೋಜನೆ ಅಂದರೆ ಸರ್ಕಾರಿ ವಕೀಲರು ಮತ್ತು ಪೊಲೀಸರ ಕಡೆ. ಸೋತವರು ಅವರು.

ಓದುವಾಗ ಇನ್ನೂ ಮೂರು ವಿಷಯ ಹುಡುಕಿ. ಮ್ಯಾಜಿಸ್ಟ್ರೇಟರಿಗೆ ದೂರು ಆಧಾರವೇ ಇಲ್ಲದ್ದು ಅಂತ ಅನ್ನಿಸಿದ್ದರೆ, ಬಿಡುಗಡೆಯ ಆದೇಶದಲ್ಲೇ 'ನೀನು ಯಾಕೆ ಪರಿಹಾರ ಕೊಡಬಾರದು' ಅಂತ ದೂರುದಾರರನ್ನು ಕೇಳುವ ಅಧಿಕಾರ ಅವರಿಗಿತ್ತು. ಕ್ರಿಮಿನಲ್ ಕೇಸ್ ಹೇಗೆ ನಡೆಸಬೇಕು ಅಂತ ಹೇಳುವ ಹಳೆಯ ಕಾನೂನಾದ ಸಿಆರ್‌ಪಿಸಿಯಲ್ಲಿ ಅದು 250ನೇ ಸೆಕ್ಷನ್, ಅದರ ಜಾಗಕ್ಕೆ ಬಂದಿರುವ ಈಗಿನ ಬಿಎನ್‌ಎಸ್‌ಎಸ್‌ನಲ್ಲಿ 273. ಸಾಕ್ಷಿಕಟ್ಟೆಯಲ್ಲಿ ಬೇಕಂತಲೇ ಸುಳ್ಳು ಹೇಳಿದಳು ಅಂತ ಅನ್ನಿಸಿದ್ದರೆ, ತೀರ್ಪು ಕೊಡುವಾಗಲೇ ಹಾಗಂತ ಬರೆದು ಅಲ್ಲೇ ಕ್ರಮ ಶುರು ಮಾಡಬಹುದಿತ್ತು. ಅದು ಹಳೆಯ 344, ಈಗಿನ 383. ಮೂರನೆಯದು, ಅವಳ ಮಾತಿನ ಬಗ್ಗೆ ಏನು ಬರೆದಿದ್ದಾರೆ ಅಂತ ನೋಡಿ. 'ನಂಬಲು ಯೋಗ್ಯವಲ್ಲ' ಅಂದಿದ್ದಾರಾ, 'ಬೆಂಬಲಿಸುವ ಸಾಕ್ಷ್ಯ ಇಲ್ಲ' ಅಂದಿದ್ದಾರಾ? ನೀವು ಬರೆದಿರುವುದನ್ನು ನೋಡಿದರೆ ಎರಡನೆಯದೇ ಇರಬೇಕು. ಮೊದಲಿನ ಎರಡು ಆದೇಶ ತೀರ್ಪಿನಲ್ಲಿ ಇಲ್ಲ ಅಂದರೆ, ಅವಳನ್ನು ಕಣ್ಣಾರೆ ನೋಡಿ, ಕಿವಿಯಾರೆ ಕೇಳಿದ ನ್ಯಾಯಾಧೀಶರು ಅವಳನ್ನು ಸುಳ್ಳಿ ಅನ್ನಲಿಲ್ಲ ಅಂತ ಅರ್ಥ. ನೋಟಿಸ್ ಕಳಿಸಿದವರು ಮಾತ್ರ ಅನ್ನುತ್ತಿದ್ದಾರೆ.

ಈಗ 182, 211ಕ್ಕೆ ಬರೋಣ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಅದರಲ್ಲಿ ಈ ಅಪರಾಧಗಳು 217 ಮತ್ತು 248. ಶಿಕ್ಷೆಯೂ ಏರಿದೆ. ನಿಮ್ಮ ದೂರು 2022ರದ್ದಾದ್ದರಿಂದ ಹಳೆಯ ಐಪಿಸಿಯೇ ಅನ್ವಯಿಸುತ್ತದೆ. 182 ಅಂದರೆ ಸರ್ಕಾರಿ ನೌಕರರಿಗೆ ಸುಳ್ಳು ಅಂತ ಗೊತ್ತಿದ್ದೂ ಮಾಹಿತಿ ಕೊಡುವುದು, ಗರಿಷ್ಠ 6 ತಿಂಗಳು. 211 ಅಂದರೆ ಒಬ್ಬರಿಗೆ ಕೇಡು ಮಾಡಬೇಕು ಅನ್ನುವ ಉದ್ದೇಶದಿಂದ, ಆಧಾರ ಇಲ್ಲ ಅಂತ ಗೊತ್ತಿದ್ದೂ ಕ್ರಿಮಿನಲ್ ಕೇಸ್ ಹಾಕಿಸುವುದು. ನಿಮ್ಮ ತಂಗಿಯ ಕೇಸಿನಂಥದ್ದಕ್ಕೆ ಗರಿಷ್ಠ 2 ವರ್ಷ. 7 ವರ್ಷದ ಶಿಕ್ಷೆ ಬರುವುದು ಇನ್ನೂ ದೊಡ್ಡ ಅಪರಾಧದ ಸುಳ್ಳು ಆರೋಪಕ್ಕೆ.

ಎರಡರಲ್ಲೂ 'ಗೊತ್ತಿದ್ದೂ' ಅನ್ನುವ ಮಾತಿದೆ ನೋಡಿ. ಅದೇ ಇದರ ಜೀವ. ಸಾಬೀತು ಮಾಡಲು ಆಗಲಿಲ್ಲ ಅನ್ನುವುದು ಸಾಲದು. ನಡೆದೇ ಇಲ್ಲ ಅಂತ ಗೊತ್ತಿದ್ದೂ ನಡೆದಿದೆ ಅಂದಳು ಅಂತ ಅವರು ತೋರಿಸಬೇಕು. ಅದನ್ನೂ ಸಂಶಯಾತೀತವಾಗಿಯೇ ತೋರಿಸಬೇಕು. ಆಗ ಆರೋಪಿಯ ಜಾಗದಲ್ಲಿ ನಿಲ್ಲುವವಳು ಅವಳಲ್ವಾ? ತಕ್ಕಡಿ ಆಗ ಅವಳ ಕಡೆಗೆ ವಾಲುತ್ತದೆ.

ಇಷ್ಟೇ ಅಲ್ಲ. ಈ ಕೇಸುಗಳನ್ನು ಅವನು ನೇರವಾಗಿ ಹಾಕುವ ಹಾಗೇ ಇಲ್ಲ. ಸಿಆರ್‌ಪಿಸಿ 195, ಈಗಿನ ಬಿಎನ್‌ಎಸ್‌ಎಸ್ 215, ಅಡ್ಡ ನಿಂತಿದೆ. 182ಕ್ಕೆ ಯಾರಿಗೆ ಸುಳ್ಳು ಮಾಹಿತಿ ಕೊಟ್ಟರೋ ಆ ಅಧಿಕಾರಿಯೋ ಅವರ ಮೇಲಧಿಕಾರಿಯೋ ಬರವಣಿಗೆಯಲ್ಲಿ ಕೋರ್ಟಿಗೆ ದೂರು ಕೊಡಬೇಕು. ನಿಮ್ಮ ಕೇಸಿನಲ್ಲಿ ಅದೇ ಪೊಲೀಸರು ತನಿಖೆ ಮಾಡಿ, ದೂರಿನಲ್ಲಿ ಹುರುಳಿದೆ ಅಂತ ಚಾರ್ಜ್‌ಶೀಟ್ ಹಾಕಿದ್ದಾರೆ. ಅವರೇ ಈಗ ಬಂದು ಸುಳ್ಳು ಅನ್ನಬೇಕು! ಅದೂ ಅಲ್ಲದೆ 6 ತಿಂಗಳ ಶಿಕ್ಷೆಯ ಅಪರಾಧವನ್ನು ಸಾಮಾನ್ಯವಾಗಿ 1 ವರ್ಷದೊಳಗೆ ಕೋರ್ಟಿಗೆ ತರಬೇಕು. 2022ರಿಂದ ಲೆಕ್ಕ ಹಾಕಿ. 211ಕ್ಕೆ ಕೋರ್ಟೇ ದೂರುದಾರ ಆಗಬೇಕು. ಅವನು ಅರ್ಜಿ ಹಾಕಬಹುದು, ಅಷ್ಟೇ. ಅರ್ಜಿ ಬಂದಾಗ ಕೋರ್ಟ್ ಬಿಎನ್‌ಎಸ್‌ಎಸ್ 379ರ ಪ್ರಕಾರ, ನ್ಯಾಯದ ಹಿತಕ್ಕೆ ಇದು ಅಗತ್ಯವಾ ಅಂತ ಯೋಚಿಸುತ್ತದೆ. ತಪ್ಪು ಹೇಳಿಕೆ ಕಂಡ ಕಡೆಯಲ್ಲೆಲ್ಲ ಕೋರ್ಟ್ ಕೇಸ್ ಹಾಕಿಸಲೇಬೇಕು ಅಂತಿಲ್ಲ ಎಂದು ಸುಪ್ರೀಂ ಕೋರ್ಟ್ 1973ರಲ್ಲೇ ಹೇಳಿದೆ. 2005ರಲ್ಲಿ ಐದು ನ್ಯಾಯಮೂರ್ತಿಗಳ ಪೀಠ ಇಕ್ಬಾಲ್ ಸಿಂಗ್ ಮರ್ವಾ ಪ್ರಕರಣದಲ್ಲಿ ಅದೇ ಧಾಟಿಯಲ್ಲಿ ಮಾತಾಡಿತು. ಆಮೇಲೆ ಕೋರ್ಟ್ ದೂರು ಕೊಡಲು ತೀರ್ಮಾನಿಸಿದರೂ ಅದರ ಮೇಲೆ ಮೇಲ್ಮನವಿ ಹಾಕಬಹುದು.

ಮಾನನಷ್ಟದ ಕೇಸ್ ಹಾಕುತ್ತಾರೇನೋ ಅಂತಲೂ ಹೆದರಬೇಡಿ. ತೊಂದರೆ ಆಗಿದೆ ಅಂತ ಪ್ರಾಮಾಣಿಕವಾಗಿ ನಂಬಿ, ಹೇಳಬೇಕಾದ ಅಧಿಕಾರಿಯ ಮುಂದೆ ದೂರು ಹೇಳುವುದು ಮಾನನಷ್ಟ ಅಲ್ಲ ಅಂತ ಆ ಕಾನೂನಿನ ಎಂಟನೇ ವಿನಾಯಿತಿಯಲ್ಲೇ ಇದೆ. ಪತ್ರಕರ್ತೆ ಪ್ರಿಯಾ ರಮಣಿ ಮೇಲೆ ಕೇಂದ್ರದ ಮಾಜಿ ಸಚಿವ ಎಂ. ಜೆ. ಅಕ್ಬರ್ ಹಾಕಿದ ಮಾನನಷ್ಟ ಕೇಸಿನಲ್ಲಿ ದೆಹಲಿಯ ಕೋರ್ಟ್ 2021ರ ಫೆಬ್ರವರಿ 17ರಂದು ಆಕೆಯನ್ನು ಬಿಡುಗಡೆ ಮಾಡಿತು. ಆಕೆ ಠಾಣೆಗೆ ಹೋಗಿರಲಿಲ್ಲ. ಎರಡು ದಶಕದ ಹಿಂದಿನ ಸಂಗತಿಯನ್ನು ಸಾರ್ವಜನಿಕವಾಗಿ ಬರೆದಿದ್ದರು. ನಿಮ್ಮ ತಂಗಿ ಹೇಳಿದ್ದು ಠಾಣೆಯಲ್ಲಿ ಮತ್ತು ಕೋರ್ಟಿನಲ್ಲಿ ಮಾತ್ರ ಅಂದರೆ ಅವಳ ನೆಲ ಇನ್ನೂ ಗಟ್ಟಿ. 10 ಲಕ್ಷದ ಸಿವಿಲ್ ದಾವೆ ಹಾಕಲು ಅವನಿಗೆ ಅವಕಾಶ ಇದೆ, ಬಿಡುಗಡೆಯಾದ ದಿನದಿಂದ 1 ವರ್ಷದೊಳಗೆ. ಅಲ್ಲೂ ದೂರಿಗೆ ತಕ್ಕ ಕಾರಣ ಇರಲಿಲ್ಲ, ಮನಸ್ಸಿನಲ್ಲಿ ದ್ವೇಷ ಇತ್ತು ಅನ್ನುವ ಎರಡನ್ನೂ ಅವನೇ ತೋರಿಸಬೇಕು.

ಹಾಗಾದರೆ ಯಾಕೆ ಸೋತಿರಿ? ನಿಮ್ಮ ತಂಗಿ ರಾತ್ರಿ ನಿದ್ದೆಯಿಲ್ಲದೆ ಇದನ್ನೇ ಕೇಳಿಕೊಳ್ಳುತ್ತಿರಬೇಕು.

ನಮ್ಮ ಮಲೆನಾಡಿನ ಕೇಸುಗಳಲ್ಲಿ ಸಾಕ್ಷಿ ಉಲ್ಟಾ ಹೊಡೆಯುವುದಕ್ಕೆ ಜಾಸ್ತಿ ಕಾರಣ ದುಡ್ಡಲ್ಲ, ಮನೆ. ಹಲವು ವರ್ಷದ ಹಿಂದೆ ಒಬ್ಬ ಹೆಂಗಸು ಸಾಕ್ಷಿ ಹೇಳಲು ಬಂದಿದ್ದರು. ತೋಟದ ಲೈನ್‌ಮನೆಯಲ್ಲಿ ಇರುವವರು. ಪೊಲೀಸರ ಮುಂದೆ ಎಲ್ಲ ಹೇಳಿದ್ದರು. ಕೋರ್ಟಿನಲ್ಲಿ ಕಟಕಟೆಯ ಮರವನ್ನು ಒಂದು ಕೈಯಲ್ಲಿ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ನಿಂತರು. ಏನು ಕೇಳಿದರೂ 'ನಂಗೆ ಗೊತ್ತಿಲ್ಲ ಸ್ವಾಮಿ' ಅನ್ನುವ ಒಂದೇ ಮಾತು. ಮುಗಿದ ಮೇಲೆ ವರಾಂಡದಲ್ಲಿ ನನ್ನ ಮುಂದೆ ಕೈ ಮುಗಿದು, 'ಮನೆ ಖಾಲಿ ಮಾಡಿ ಅಂದ್ರೆ ಮಕ್ಕಳನ್ನ ಎಲ್ಲಿಗೆ ಕರ್ಕೊಂಡು ಹೋಗ್ಲಿ ಅಮ್ಮ' ಅಂದರು. ಆ ಕೇಸೂ ಬಿತ್ತು. ಆ ಹುಡುಗಿ ಸುಳ್ಳು ಹೇಳಿದ್ದಕ್ಕೆ ಬೀಳಲಿಲ್ಲ. ಕೆಲಸ, ಮನೆ, ಸಾಲ ಮೂರೂ ಒಬ್ಬರ ಕೈಯಲ್ಲಿ ಇದ್ದಿದ್ದಕ್ಕೆ ಬಿತ್ತು.

ತನಿಖೆಯ ಕತೆ ಬೇರೆ. ಸಿಸಿ ಕ್ಯಾಮೆರಾದ ದೃಶ್ಯ ಅಳಿಸಿಹೋಗುವ ಮೊದಲು ವಶಕ್ಕೆ ತೆಗೆದುಕೊಳ್ಳುವುದಿಲ್ಲ. ಅವತ್ತಿನ ಹಾಜರಿ ಪುಸ್ತಕ ತರಿಸುವುದಿಲ್ಲ. ಗೋಡೌನಿನ ಬಾಗಿಲು ಎಲ್ಲಿದೆ, ಹೊರಗಿನಿಂದ ಕಾಣುತ್ತದಾ ಅಂತ ನಕ್ಷೆ ಸರಿಯಾಗಿ ಮಾಡುವುದಿಲ್ಲ. ಆಮೇಲೆ ಆ ಒಂಬತ್ತು ದಿನ. ತಡವಾಯಿತು ಅನ್ನುವ ಒಂದೇ ಕಾರಣಕ್ಕೆ ದೂರನ್ನು ತಳ್ಳಿಹಾಕಬಾರದು ಅಂತ 1996ರಲ್ಲಿ ಗುರ್ಮೀತ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹೆಣ್ಣಿನ ಮಾತು ನಂಬಿಕೆ ಹುಟ್ಟಿಸುವಂತಿದ್ದರೆ ಬೇರೆ ಸಾಕ್ಷಿಯೇ ಬೇಡ ಅಂತಲೂ ಹೇಳಿದೆ. ಆದರೆ ತಡ ಯಾಕಾಯಿತು ಅಂತ ದೂರಿನಲ್ಲೇ ಬರೆಸಬೇಕು. ಠಾಣೆಯಲ್ಲಿ ಬರೆದುಕೊಳ್ಳುವವರು ಅದನ್ನು ಕೇಳುವುದೇ ಇಲ್ಲ. ಮೂರು ವರ್ಷ ಆದ ಮೇಲೆ ಪಾಟೀಸವಾಲಿನಲ್ಲಿ ಎದುರು ವಕೀಲರು ಕೇಳುತ್ತಾರೆ.

ಈಗ ನೀವು ಅವತ್ತು ಮಾಡಿದ ವಾದಕ್ಕೆ ಬರುತ್ತೇನೆ. ದೇಶದ ಅಪರಾಧಗಳ ಅಂಕಿಅಂಶ ಇಡುವ ಎನ್‌ಸಿಆರ್‌ಬಿ ಲೆಕ್ಕದ ಪ್ರಕಾರ 2019ರಲ್ಲಿ ದೇಶದ ಅತ್ಯಾಚಾರ ಕೇಸುಗಳಲ್ಲಿ ಶಿಕ್ಷೆಯ ಪ್ರಮಾಣ ಶೇ 27.8. ಅಂದರೆ ವಿಚಾರಣೆ ಮುಗಿದ ನೂರು ಕೇಸಿನಲ್ಲಿ ಸುಮಾರು 72 ಬಿದ್ದುಹೋದವು. ನೀವು ಹೇಳಿದ ಕಾನೂನು ಇದ್ದಿದ್ದರೆ ಆ 72 ಜನರನ್ನೂ ಒಳಗೆ ಹಾಕಬೇಕಿತ್ತು. ಮಥುರಾ ಅನ್ನುವ ಹುಡುಗಿಯ ಅತ್ಯಾಚಾರ ಪ್ರಕರಣ ಕೇಳಿದ್ದೀರಾ? 1972ರಲ್ಲಿ ಮಹಾರಾಷ್ಟ್ರದ ಪೊಲೀಸ್ ಠಾಣೆಯೊಳಗೇ ನಡೆದ ಘಟನೆ. ಆರೋಪ ಇದ್ದದ್ದು ಪೊಲೀಸರ ಮೇಲೇ. ಕೊನೆಗೆ ಸುಪ್ರೀಂ ಕೋರ್ಟಿನಲ್ಲಿ ಬಿಡುಗಡೆಯಾಯಿತು. ಹುಡುಗಿ ಪ್ರತಿಭಟಿಸಲಿಲ್ಲ, ಮೈಮೇಲೆ ಗಾಯ ಇಲ್ಲ ಅನ್ನುವುದು ಅಲ್ಲಿನ ದೊಡ್ಡ ಮಾತು. ದೇಶದಲ್ಲೆಲ್ಲ ಗಲಾಟೆ ಎದ್ದು 1983ರಲ್ಲಿ ಕಾನೂನೇ ಬದಲಾಯಿತು. ಸೋತ ಕೇಸೊಂದರಿಂದ ಕಾನೂನು ತನ್ನ ತಪ್ಪನ್ನು ತಿದ್ದಿಕೊಂಡಿತು. ಸೋತಿದ್ದಕ್ಕೆ ಅವಳನ್ನೇ ಜೈಲಿಗೆ ಹಾಕಿದ್ದರೆ?

ಆದರೆ ನಿಮ್ಮ ಗೆಳೆಯನ ನೋವನ್ನು ಹೀಗೆ ಒಂದು ಲೆಕ್ಕ ಹೇಳಿ ಬದಿಗೆ ಸರಿಸಲು ನನಗೆ ಮನಸ್ಸಿಲ್ಲ. ಸುಳ್ಳು ಕೇಸುಗಳು ಇವೆ. ನಾನೇ ಒಂದರಲ್ಲಿ ಆರೋಪಿಯ ವಕೀಲಳಾಗಿದ್ದೆ.

ಆಲೂರು ಕಡೆಯ ಎರಡು ಕುಟುಂಬ. ಗದ್ದೆಗೆ ಹೋಗುವ ದಾರಿಯ ಜಗಳ. ಒಂದು ಮನೆಯ ಹುಡುಗಿಯಿಂದ ಇನ್ನೊಂದು ಮನೆಯ ಹುಡುಗನ ಮೇಲೆ ಅತ್ಯಾಚಾರದ ದೂರು ಕೊಡಿಸಿದರು. ಹುಡುಗ ಗಾರ್ಮೆಂಟ್ಸ್‌ನಲ್ಲಿ ಕೆಲಸಕ್ಕಿದ್ದ. 41 ದಿನ ಜೈಲಿನಲ್ಲಿದ್ದ, ಕೆಲಸ ಹೋಯಿತು, ಗೊತ್ತಾಗಿದ್ದ ಮದುವೆ ನಿಂತಿತು. ಕೇಸು ವಿಚಾರಣೆಗೆ ಬಂತು. ಹುಡುಗಿ ಕಟಕಟೆಗೆ ಬಂದಳು. ಇಪ್ಪತ್ತು ವರ್ಷ ಇರಬಹುದು. ಮುಖ್ಯ ವಿಚಾರಣೆಯಲ್ಲಿ ದೂರಿನಲ್ಲಿ ಇದ್ದದ್ದನ್ನೇ ಬಾಯಿಪಾಠ ಮಾಡಿದವಳ ಹಾಗೆ ಹೇಳಿದಳು. ನಾನು ಪಾಟೀಸವಾಲಿಗೆ ಎದ್ದೆ. ಮೊದಲ ಪ್ರಶ್ನೆಯನ್ನೇ ಸಾದಾ ಕೇಳಿದೆ, 'ದೂರು ಯಾರ ಕೈಬರಹದಲ್ಲಿದೆಯಮ್ಮ?' ಅವಳು ನನ್ನನ್ನು ನೋಡಲಿಲ್ಲ. ನ್ಯಾಯಾಧೀಶರ ಕಡೆ ತಿರುಗಿ, 'ನಿಜ ಹೇಳಿದ್ರೆ ನನ್ನನ್ನ ಜೈಲಿಗೆ ಹಾಕ್ತೀರಾ?' ಅಂದಳು. ಕೋರ್ಟ್ ಹಾಲ್‌ನಲ್ಲಿ ಫ್ಯಾನಿನ ಸದ್ದು ಬಿಟ್ಟು ಏನೂ ಇರಲಿಲ್ಲ. ನ್ಯಾಯಾಧೀಶರು ಪೆನ್ನು ಕೆಳಗಿಟ್ಟು, 'ನೀನು ನಿಜ ಹೇಳಮ್ಮ' ಅಂದರು. 'ಚಿಕ್ಕಪ್ಪ ಬರೆದಿದ್ದು, ನಾನು ಸೈನ್ ಮಾಡಿದ್ದು' ಅಂದಳು. ಅಲ್ಲಿಗೆ ನನ್ನ ಕಕ್ಷಿದಾರ ಉಳಿದುಕೊಂಡ.

ಈ ಒಂದು ಗಳಿಗೆಯನ್ನು ನಾನು ಎಷ್ಟೋ ಸಲ ನೆನೆಸಿಕೊಂಡಿದ್ದೇನೆ. ಸಾಬೀತಾಗದ ದೂರಿಗೆಲ್ಲ ಶಿಕ್ಷೆ ಅನ್ನುವ ಕಾನೂನು ಇದ್ದಿದ್ದರೆ ಆ ಹುಡುಗಿ ಬಾಯಿ ಬಿಡುತ್ತಿರಲಿಲ್ಲ. ತಾನು ಉಳಿಯಬೇಕಾದರೆ ಸುಳ್ಳನ್ನೇ ಕೊನೆತನಕ ಹೇಳಬೇಕಿತ್ತು. ಹುಡುಗನಿಗೆ ಕನಿಷ್ಠ 10 ವರ್ಷ ಆಗುತ್ತಿತ್ತು. ಅಂದರೆ ನೀವು ಯಾರನ್ನು ಉಳಿಸಬೇಕು ಅಂತ ಆ ಕಾನೂನು ಕೇಳಿದಿರೋ ಅವನೇ ಅದರಲ್ಲಿ ಮುಳುಗುತ್ತಿದ್ದ. ಇನ್ನೊಂದು ಕಡೆ, ನಿಜವಾಗಿ ನೊಂದವಳು ಠಾಣೆಯ ಮೆಟ್ಟಿಲೇ ಹತ್ತುತ್ತಿರಲಿಲ್ಲ. ಸಾಕ್ಷಿ ಕೈಕೊಟ್ಟರೆ ತನಗೇ ಜೈಲು ಅಂತ ಗೊತ್ತಿರುವಾಗ ಯಾವ ಅಣ್ಣ ತಂಗಿಯನ್ನು ಕರೆದುಕೊಂಡು ಹೋಗುತ್ತಾನೆ?

ನಮ್ಮ ಕಾನೂನಿನಲ್ಲಿ ಈ ವಿವೇಕ ಆಗಲೇ ಇದೆ. ಕೆಲಸದ ಜಾಗದಲ್ಲಿನ ಕಿರುಕುಳದ ಬಗ್ಗೆ 2013ರಲ್ಲಿ ಬಂದ ಕಾಯ್ದೆಯ 14ನೇ ಸೆಕ್ಷನ್ ಓದಿ. ದುರುದ್ದೇಶದ ದೂರಿಗೆ ಕ್ರಮ ಇದೆ. ಅದರ ಜೊತೆಯಲ್ಲೇ, ದೂರನ್ನು ರುಜುವಾತು ಮಾಡಲು ಆಗಲಿಲ್ಲ ಅನ್ನುವುದೊಂದೇ ಕ್ರಮಕ್ಕೆ ಕಾರಣ ಆಗಬೇಕಿಲ್ಲ, ದುರುದ್ದೇಶ ಇತ್ತು ಅಂತ ವಿಚಾರಣೆ ಮಾಡಿ ಕಂಡುಕೊಳ್ಳಬೇಕು ಅಂತ ಬರೆದಿದ್ದಾರೆ. ಮಕ್ಕಳ ಪೋಕ್ಸೊ ಕಾಯ್ದೆಯ 22ನೇ ಸೆಕ್ಷನ್ ಪ್ರಕಾರ ಅವಮಾನ ಮಾಡಲು, ಸುಲಿಗೆಗೆ, ಬೆದರಿಸಲು ಅಂತಲೇ ಸುಳ್ಳು ದೂರು ಕೊಟ್ಟ ದೊಡ್ಡವರಿಗೆ ಶಿಕ್ಷೆ ಇದೆ, ಮಗುವಿಗೆ ಇಲ್ಲ. ಗೆರೆ ಎಲ್ಲಿ ಎಳೆಯಬೇಕು ಅಂತ ಕಾನೂನಿಗೆ ಗೊತ್ತಿದೆ. ಬಳಸುವಾಗ ನಾವು ಸೋಲುತ್ತೇವೆ.

ನನ್ನ ಅಭಿಪ್ರಾಯ ಕೇಳಿದ್ದೀರಿ, ಹೇಳುತ್ತೇನೆ. ಗೊತ್ತಿದ್ದೂ ಹೆಣೆದ ದೂರು ಅಂತ ಸಾಬೀತಾದ ಕಡೆ, ಕೋರ್ಟೇ ದೂರುದಾರ ಆಗುವ ಆ 379ನ್ನು ನಿಜವಾಗಿ ಬಳಸಬೇಕು. ಅದೂ ಸೈನ್ ಹಾಕಿದ ಹುಡುಗಿಗಿಂತ ಮೊದಲು, ಬರೆದುಕೊಟ್ಟ ಚಿಕ್ಕಪ್ಪನ ಮೇಲೆ. ಆಲೂರಿನ ಕೇಸಿನಲ್ಲಿ ನಾನು ಕೇಳಿಕೊಂಡಿದ್ದೂ ಅದನ್ನೇ. ಬಿಡುಗಡೆಯಾದ ನಿರಪರಾಧಿಗೆ ಕಳೆದುಕೊಂಡ ಕೂಲಿ, ಕೆಲಸಕ್ಕೆ ಪರಿಹಾರ ಸಿಗುವ ದಾರಿ ಸರಳ ಆಗಬೇಕು. ತೀರ್ಪು ಬರುವವರೆಗೆ ಆರೋಪಿಯ ಫೋಟೊವನ್ನು ವಾಟ್ಸಾಪ್ ಗುಂಪುಗಳಲ್ಲಿ 'ಕಾಮುಕ' ಅಂತ ಹಂಚುವುದು ನಿಲ್ಲಬೇಕು. ಎಲ್ಲಕ್ಕಿಂತ ಜಾಸ್ತಿ, ಈ ಕೇಸುಗಳು ಬೇಗ ಮುಗಿಯಬೇಕು. ಮೂರ್ನಾಲ್ಕು ವರ್ಷ ಎಳೆದರೆ ನೊಂದವಳಿಗೂ ನ್ಯಾಯ ಇಲ್ಲ, ತಪ್ಪು ಮಾಡದವನಿಗೂ ಇಲ್ಲ. ನಿಮ್ಮ ಗೆಳೆಯನಿಗೂ ದಾರಿ ಇದೆ ಅಂತ ತಿಳಿಸಿ. ಬಿಡುಗಡೆಯಾಗಿ 1 ವರ್ಷ ಆಗಿಲ್ಲದಿದ್ದರೆ ಸಿವಿಲ್ ದಾವೆ ಹಾಕಬಹುದು. 379ರ ಅರ್ಜಿಗೆ ಆಧಾರ ಇದೆಯಾ ಅಂತ ಅವರ ವಕೀಲರು ತೀರ್ಪು ಓದಿ ಹೇಳುತ್ತಾರೆ. ಪೊಲೀಸರು ಚಾರ್ಜ್‌ಶೀಟ್ ಹಾಕದೆ ಕೇಸ್ ಮುಚ್ಚುವ 'ಬಿ ರಿಪೋರ್ಟ್' ಆಗಿ ಠಾಣೆಯಲ್ಲೇ ಮುಗಿದಿದ್ದರೆ ಅದು ಯಾವ ಕಾರಣಕ್ಕೆ ಆಯಿತು ಅಂತ ನೋಡಬೇಕು. ಬಿ ರಿಪೋರ್ಟ್ ಅಂದರೆ ಸುಳ್ಳು ಕೇಸ್ ಅಂತ ಊರೆಲ್ಲ ಹೇಳುತ್ತಾರೆ. ಒಳಗೆ ಕಾರಣ ಬೇರೆಯೇ ಬರೆದಿರಬಹುದು.

ನಿಮ್ಮ ತಂಗಿಯ ಮುಂದಿರುವ ದಾರಿಗಳನ್ನು ಈಗ ನೋಡೋಣ.

ಭಾವ ಹೇಳಿದ ದಾರಿ ಅತ್ಯಂತ ಅಪಾಯದ್ದು. ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿರಬಹುದು. ಆದರೆ 'ತಪ್ಪಾಯಿತು, ಸುಳ್ಳು ಹೇಳಿದೆ' ಅಂತ ಬರೆದುಕೊಟ್ಟ ಕಾಗದವೇ 211ಕ್ಕೆ ಅವರಿಗೆ ಬೇಕಾದ ಸಾಕ್ಷಿ. ಈವರೆಗೆ ಅವರ ಕೈಯಲ್ಲಿ ಇಲ್ಲದ್ದನ್ನು ನೀವೇ ಕೈಯಾರೆ ಕೊಟ್ಟ ಹಾಗೆ. ಪಂಚಾಯಿತಿ ಕಟ್ಟೆಯಲ್ಲಿ ಕೂರಿಸಿ ಹೇಳಿಸಿ ವಿಡಿಯೊ ಮಾಡಿಕೊಳ್ಳುವುದೂ ಅಷ್ಟೇ. ಒಂದು ಸಾಲೂ ಬೇಡ. ಎರಡು ಕಡೆಯೂ ಇನ್ನು ಮುಂದೆ ತಂಟೆಗೆ ಬರುವುದಿಲ್ಲ ಅಂತ ರಾಜಿ ಬೇಕಾದರೆ, ದೂರು ನಿಜವೋ ಸುಳ್ಳೋ ಅನ್ನುವ ಮಾತೇ ಇಲ್ಲದ ಕಾಗದ ಆಗಬೇಕು, ಅದೂ ನಿಮ್ಮ ವಕೀಲರು ಓದಿದ ಮೇಲೆ.

ನೋಟಿಸಿಗೆ ಸುಮ್ನೆ ಕೂರುವುದೂ ಬೇಡ. ಉತ್ತರ ಕೊಡಲೇಬೇಕು ಅಂತ ಕಾನೂನಿಲ್ಲ. ಆದರೂ ಚಿಕ್ಕದೊಂದು ಉತ್ತರ ಒಳ್ಳೆಯದು. ದೂರು ಪ್ರಾಮಾಣಿಕವಾಗಿ ಕೊಟ್ಟಿದ್ದು, ಪೊಲೀಸರು ಚಾರ್ಜ್‌ಶೀಟ್ ಹಾಕಿದ್ದಾರೆ, ಕೋರ್ಟ್ ಸುಳ್ಳು ಅಂದಿಲ್ಲ, ಬೇಡಿಕೆಗಳನ್ನು ಒಪ್ಪುವುದಿಲ್ಲ. ಅಷ್ಟು ಸಾಕು. ಸಿಟ್ಟಿನ ಮಾತು, ಹೊಸ ಆರೋಪ ಸೇರಿಸಬೇಡಿ.

ಮೇಲ್ಮನವಿಯ ಹಕ್ಕು ಅವಳಿಗೇ ಇದೆ. ಸರ್ಕಾರ ಹಾಕಲಿ ಅಂತ ಕಾಯಬೇಕಿಲ್ಲ. ಸಿಆರ್‌ಪಿಸಿ 372ಕ್ಕೆ 2009ರ ಕೊನೆಯಲ್ಲಿ ಬಂದ ತಿದ್ದುಪಡಿಯಲ್ಲಿ ನೊಂದವರಿಗೆ ಈ ಹಕ್ಕು ಸಿಕ್ಕಿತು. ಈಗ ಅದು ಬಿಎನ್‌ಎಸ್‌ಎಸ್ 413. ಮೇಲ್ಮನವಿಗೆ ನೊಂದವರು ಮೊದಲು ಅನುಮತಿ ಕೇಳಬೇಕಿಲ್ಲ ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದ್ದು ನಮ್ಮ ಕರ್ನಾಟಕದ್ದೇ ಆದ ಮಲ್ಲಿಕಾರ್ಜುನ ಕೊಡಗಲಿ ಪ್ರಕರಣದಲ್ಲಿ. ಮ್ಯಾಜಿಸ್ಟ್ರೇಟರ ತೀರ್ಪಾದ್ದರಿಂದ ಹಾಸನದ ಸೆಷನ್ಸ್ ಕೋರ್ಟಿಗೆ ಬರಬೇಕು. ಗೆಲ್ಲುತ್ತೇವಾ? ಇಬ್ಬರು ಸಾಕ್ಷಿಗಳು ಕೈಬಿಟ್ಟಿರುವಾಗ ಸುಲಭ ಅಲ್ಲ. ಬಿಡುಗಡೆಯ ತೀರ್ಪನ್ನು ಮೇಲಿನ ಕೋರ್ಟ್ ಸುಲಭದಲ್ಲಿ ತಿರುಗಿಸುವುದಿಲ್ಲ. ಇನ್ನೂ ಒಂದೆರಡು ವರ್ಷ ಅವಳು ಇದನ್ನು ತಲೆಯಲ್ಲಿ ಹೊರಬೇಕು. ಒಂದು ಲಾಭ ಇದೆ. ಮೇಲ್ಮನವಿ ವಿಚಾರಣೆಯಲ್ಲಿ ಇರುವಾಗ ದೂರು ಸುಳ್ಳು ಅನ್ನುವ ಅರ್ಜಿಗೆ ಬಲ ಕಡಿಮೆ. ಹೋಗಬೇಕಾ ಬೇಡವಾ ಅನ್ನುವುದನ್ನು ಅವಳು ತೀರ್ಮಾನಿಸಲಿ. ಅಣ್ಣನೂ ಬೇಡ, ಭಾವನೂ ಬೇಡ, ವಕೀಲರೂ ಬೇಡ. ಹೋಗುವುದಾದರೆ ತಡ ಮಾಡಬೇಡಿ.

ಪೇಟೆಯಲ್ಲಿ, ಫೋನಿನಲ್ಲಿ ಬೆದರಿಸುತ್ತಿದ್ದರೆ ಬರೆದಿಡಿ. ದಿನಾಂಕ, ಯಾರು, ಏನಂದರು. ಧ್ವನಿ ಮುದ್ರಣ ಇದ್ದರೆ ಅಳಿಸಬೇಡಿ. ಬೆದರಿಕೆಗೆ ನ್ಯಾಯ ಸಂಹಿತೆಯ 351ರಲ್ಲಿ ದೂರು ಕೊಡಬಹುದು. ಹೆಸರು ಬಯಲು ಮಾಡುವುದರ ಬಗ್ಗೆ ಒಂದು ಮಾತು. 2024ರ ಏಪ್ರಿಲ್‌ನಲ್ಲಿ ಇದೇ ಹಾಸನದಲ್ಲಿ ಪೆನ್ ಡ್ರೈವ್‌ಗಳು ಕೈಯಿಂದ ಕೈಗೆ ಹೋಗಿ, ಹೆಣ್ಣುಮಕ್ಕಳ ಮುಖ ಮರೆಸದೆ ವಿಡಿಯೊ ಹಂಚಿದಾಗ ಎಷ್ಟು ಮನೆ ನೊಂದವು ಅಂತ ನಮಗೆಲ್ಲ ಗೊತ್ತು. ಅತ್ಯಾಚಾರದ ಕೇಸಿನಲ್ಲಿ ನೊಂದವರ ಗುರುತು ಪ್ರಕಟಿಸಿದರೆ 2 ವರ್ಷದವರೆಗೆ ಜೈಲು. ಆ ಸೆಕ್ಷನ್ ನಿಮ್ಮ ತಂಗಿಯ ಕೇಸಿಗೆ ನೇರವಾಗಿ ಬರುವುದಿಲ್ಲ. 354 ಅದರ ಪಟ್ಟಿಯಲ್ಲಿ ಇಲ್ಲ. ಇದು ಕಾನೂನಿನ ಕೊರತೆ ಅಂತ ನಾನು ತಿಳಿದಿದ್ದೇನೆ. ಆದರೂ ಅವಳ ಮಾನಕ್ಕೆ ಕುಂದು ತರುವ ಮಾತು, ಚಿತ್ರ ಹಂಚಿದರೆ ಬೇರೆ ಸೆಕ್ಷನ್‌ಗಳು ಇವೆ.

ದುಡ್ಡಿನ ಚಿಂತೆ ಬೇಡ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಉಚಿತ ವಕೀಲರು ಸಿಗುತ್ತಾರೆ. ಹಾಸನದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅರ್ಜಿ ಕೊಡಬಹುದು, ಸಕಲೇಶಪುರದಲ್ಲೇ ತಾಲ್ಲೂಕು ಸಮಿತಿಯಲ್ಲೂ ಕೊಡಬಹುದು. 15100ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ.

ಹೋಗುವಾಗ ನೋಟಿಸಿನ ಜೊತೆ ಅದು ಬಂದ ಲಕೋಟೆಯನ್ನೂ ತೆಗೆದುಕೊಂಡು ಹೋಗಿ. ಅಂಚೆಯ ಮುದ್ರೆಯಲ್ಲಿ ದಿನಾಂಕ ಇರುತ್ತದೆ, 15 ದಿನ ಲೆಕ್ಕ ಹಾಕಲು ಬೇಕು. ತೀರ್ಪು, ಎಫ್‌ಐಆರ್ ಪ್ರತಿ, ಚಾರ್ಜ್‌ಶೀಟ್ ಒಂದು ಫೈಲಿನಲ್ಲಿ ಇರಲಿ. ತಂಗಿಯನ್ನೂ ಕರೆದುಕೊಂಡು ಹೋಗಿ. ವಕೀಲರ ಮುಂದೆ ಅವಳೇ ಮಾತಾಡಲಿ, ನೀವು ಪಕ್ಕದಲ್ಲಿ ಕೂತಿರಿ. ನಡುವೆ ಅವಳು ತಡವರಿಸಿದರೆ ನೀವು ಪೂರ್ತಿ ಮಾಡಬೇಡಿ, ಸ್ವಲ್ಪ ಹೊತ್ತು ಬಿಡಿ. ಅವಳೇ ಹೇಳುತ್ತಾಳೆ.